ಹೊಸ್ತಿಲಾಚೆ

ಕ್ಯಾನ್ಸರ್ ವಾಸಿಯಾಗಿ ಎರಡು ವರ್ಷವಾದರೂ ಪಂಕಜಮ್ಮನಿಗೆ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ತಪ್ಪಿರಲಿಲ್ಲ. ಪ್ರತಿ ಸಲವೂ ಮನೆಗೆ ಬಂದೊಡನೆ ತಬ್ಬಿಕೊಂಡು, ಪಕ್ಕದಲ್ಲೇ ಕುಳಿತು ಬಡಿಸುತ್ತಿದ್ದ ಸೊಸೆ ಚೈತ್ರ ಇವತ್ತು ಕೋಣೆಯ ಹೊಸ್ತಿಲು ದಾಟಲಿಲ್ಲ. ಊಟದ ತಟ್ಟೆಯನ್ನೂ ಗಂಡನ ಕೈಲೇ ಕಳಿಸಿದಳು. ಇವಳಿಗೂ ನಾನು ಸಾಕಾದೆನೇನೋ ಎಂದುಕೊಂಡ ಪಂಕಜಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಒಳಗೆ ಬಾರೇ, ಇದೇನು ಅಂಟುರೋಗ ಅಲ್ಲ."

"ಗೊತ್ತು ಅತ್ತೆ. ನರ್ಸಮ್ಮ ಏನಂದ್ರು, ಹೇಳಿ," ಎಂದಳು ಚೈತ್ರ ಬಾಗಿಲಲ್ಲೇ ನಿಂತು.

"ಅದೇ ಹಳೇ ಪಾಠ. ಸ್ಕ್ಯಾನಿಗೆ ಚುಚ್ಚಿದ ಮದ್ದಿನ ರೇಡಿಯೇಶನ್ ಮೈಯಲ್ಲಿರುತ್ತೆ, ನಾಳೆವರೆಗೂ ಬಸುರಿಯರ ಹತ್ರ ಹೋಗ್ಬೇಡಿ, ಮನೇಲಿ ಯಾರಾದ್ರೂ ಇದಾರಾ ಅಂದ್ಲು. ನಮ್ಮನೇಲಿ ಯಾರಿದಾರೆ ತಾಯಿ, ಇಲ್ಲ ಅಂದೆ."

"ಮುಂದಿನ ಸಲ ಇದಾರೆ ಅನ್ನಿ, ಅತ್ತೆ."