ಐದು ಗಂಟೆ ಹತ್ತು ನಿಮಿಷ

"ಮಗುವಿನ ತಂದೆ ಬರ್ತಿಲ್ವಾ?" ಪಾಸ್‌ಪೋರ್ಟ್ ಅಧಿಕಾರಿ ವಿಮಾನ ನಿಲ್ದಾಣದ ಕೌಂಟರಿನಲ್ಲಿ ತಲೆಯೆತ್ತದೆ ಕೇಳಿದ.

"ಅವರಿಗೆ ಡ್ಯೂಟಿ. ಒಪ್ಪಿಗೆ ಪತ್ರ ಕೊಟ್ಟಿದ್ದಾರೆ."

ಅವಳು ಕಾಗದ ಮುಂದಿಟ್ಟಳು. ಬಟ್ಟೆಯ ಮೇಲೆ ಗೆರೆ ಎಳೆದು ಪಳಗಿದ ದರ್ಜಿಯ ಕೈ ಅವಳದು. ಗಂಡನ ಸಹಿಯನ್ನು ಹದಿನೈದು ದಿನ ತಿದ್ದಿ ತೀಡಿ ಕಲಿತಿತ್ತು. ಅಧಿಕಾರಿ ಸಹಿ ನೋಡಿದ, ಅವಳನ್ನು ನೋಡಿದ, ಅವಳ ಪಕ್ಕ ನಿಂತಿದ್ದ ಆರು ವರ್ಷದ ಗುಬ್ಬಿಯನ್ನು ನೋಡಿದ. ಠಪ್ಪನೆ ಮೊಹರು ಬಿತ್ತು. ಹೋದ ಜೀವ ಬಂದಂತಾಯಿತು.

ಲೆಕ್ಕ ಅವಳಿಗೆ ಬಾಯಿಪಾಠ. ಹೋಗಬೇಕಾದ ಹೊರದೇಶದ ಊರಿಗೆ ಮೂರು ಸಾವಿರದ ಒಂಬೈನೂರು ಕಿಲೋಮೀಟರು. ಐದು ಗಂಟೆ ಹತ್ತು ನಿಮಿಷದ ಹಾರಾಟ. ಎಂಟಕ್ಕೆ ಹೊರಟರೆ ಒಂದೂ ಹತ್ತಕ್ಕೆ ಇಳಿಯಬೇಕು. ಗಂಡ ಗೂಡ್ಸ್ ರೈಲಿನ ಚಾಲಕ. ಕೆಲಸದಲ್ಲಿರುವಾಗ ಫೋನ್ ಮುಟ್ಟುವಂತಿಲ್ಲ. ಮನೆ ಸೇರುವುದು ಒಂದೂವರೆಗೆ. ಬೀರು ತೆರೆದು ಇಬ್ಬರ ಬಟ್ಟೆಗಳೂ ಇಲ್ಲದ್ದು ಕಂಡರೆ ಎಲ್ಲ ಗೊತ್ತಾಗುತ್ತದೆ. ಅವನ ಒಂದು ಫೋನ್ ಸಾಕು, ಇವರಿಬ್ಬರನ್ನೂ ಮುಂದಿನ ವಿಮಾನಕ್ಕೆ ಹತ್ತಿಸಿ ವಾಪಸ್ ಕಳಿಸುತ್ತಾರೆ. ಕೈಯಲ್ಲಿರುವುದು ಇಪ್ಪತ್ತೇ ನಿಮಿಷ. ಆ ಊರಿನ ಗಡಿಯಾರ ಎರಡೂವರೆ ಗಂಟೆ ಮುಂದಿದ್ದರೇನು, ಅವನ ಕೋಪ ಏಳುವುದು ಈ ಊರಿನ ಗಡಿಯಾರ ನೋಡಿಯೇ.

ವಿಮಾನ ರನ್‌ವೇ ಮೇಲೆ ನಿಂತೇಬಿಟ್ಟಿತು. ಹತ್ತು ನಿಮಿಷ. ಇಪ್ಪತ್ತು. ಮೂವತ್ತೈದು.

"ಅಮ್ಮಾ, ಕೈ ನೋಯ್ತಿದೆ."

ಗುಬ್ಬಿಯ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದು ಅವಳಿಗೆ ಆಗಲೇ ತಿಳಿದದ್ದು.

ಕೊನೆಗೂ ಹಾರಿತು. ಎದುರಿನ ಪರದೆಯಲ್ಲಿ ಕಿಲೋಮೀಟರುಗಳು ಆಮೆನಡಿಗೆಯಲ್ಲಿ ಇಳಿಯತೊಡಗಿದವು. ನೀರು ತಂದ ಗಗನಸಖಿ ಗುಬ್ಬಿಯ ಕೆನ್ನೆ ತಟ್ಟಿದಳು.

"ಎಷ್ಟು ಮುದ್ದಾಗಿದ್ದಾಳೆ! ಅಪ್ಪನ ಹೋಲಿಕೆನಾ?"

"ಇಲ್ಲ. ಅಮ್ಮನ ಪಡಿಯಚ್ಚು."

ಗಗನಸಖಿ ಅವಳ ಮುಖವನ್ನೊಮ್ಮೆ ನೋಡಿ, ನಕ್ಕು ಮುಂದೆ ಹೋದಳು.

"ವಾಪಸ್ ಯಾವಾಗ ಬರೋದು?" ಗುಬ್ಬಿ ಕೇಳಿದಳು.

"ಮೊದಲು ಹೋಗೋಣ, ಕಂದಾ."

"ಅಪ್ಪ ಬೈತಾರೆ."

"ಬೈತಾರೆ. ಆದ್ರೆ ನಿನಗಲ್ಲ."

ಒಂದೂವರೆ. ಇನ್ನೂ ನೂರು ಕಿಲೋಮೀಟರು. ಈಗ ಬೀಗ ತೆಗೆಯುತ್ತಿರಬಹುದು. ಈಗ ಬೀರು. ಈಗ ಫೋನ್.

ಇಳಿದು, ಸಾಲಿನಲ್ಲಿ ನಿಂತು, ಇಬ್ಬರೂ ಹೊರಬಾಗಿಲು ದಾಟಿದರು. ಬಾಗಿಲಾಚೆ ಇಬ್ಬರು ಪೊಲೀಸರು ನಿಂತಿದ್ದರು. ಒಬ್ಬನ ಕೈಯಲ್ಲಿ ಗುಬ್ಬಿಯ ಫೋಟೋ.

"ಈ ಮಗೂನ ಕರ್ಕೊಂಡು ಬಂದಿರೋದು ನೀವೇ ತಾನೇ?"

ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. "ನಾನೇ."

ಪೊಲೀಸರ ಹಿಂದಿನಿಂದ ಒಬ್ಬ ಹೆಂಗಸು ಓಡಿಬಂದು, ಎರಡು ಹೆಜ್ಜೆ ದೂರದಲ್ಲೇ ಮಂಡಿಯೂರಿ ಕುಸಿದಳು. ಮಗುವನ್ನು ಮುಟ್ಟಲು ಚಾಚಿದ ಕೈ ಗಾಳಿಯಲ್ಲೇ ನಿಂತಿತು. ಗುಬ್ಬಿ ಬೆದರಿ ಇವಳ ಕಾಲನ್ನು ತಬ್ಬಿಕೊಂಡಳು. ಇವಳು ಬಗ್ಗಿ ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ನಿನ್ನನ್ನ ಹೆತ್ತ ಅಮ್ಮ ಸತ್ತುಹೋದಳು ಅಂತ ನಿಮ್ಮಪ್ಪ ನನಗೆ ಸುಳ್ಳು ಹೇಳಿ ಮದುವೆಯಾಗಿದ್ರು, ಕಂದಾ, ಐದು ವರ್ಷದಿಂದ ನಿನ್ನನ್ನೇ ಹುಡುಕ್ತಿದ್ದಾರೆ ಇವರು, ನಾನೇ ಇವರಿಗೆ ಸುದ್ದಿ ಕಳಿಸಿದ್ದೆ, ಹೋಗು."