ಡಿಸ್ಕಿನ ಏದುಸಿರು

ನಂಬರು ಕೂಗುವ ಧ್ವನಿವರ್ಧಕ ಅರವತ್ತೊಂದಕ್ಕೆ ನಿಂತು ಹನ್ನೆರಡು ನಿಮಿಷವಾಗಿತ್ತು. ಆಸ್ಪತ್ರೆಯ ಸರ್ವರ್ ಕೋಣೆಯ ಬಾಗಿಲನ್ನು ಭುಜದಿಂದಲೇ ತಳ್ಳಿಕೊಂಡು ನೋಂದಣಿ ಕೌಂಟರಿನ ಮುಖ್ಯಸ್ಥೆ ರೆತ್ನಾನಿಂಗ್ಸಿಹ್ ಒಳಬಂದಳು.

“ಗುನಾರ್ತೊಣ್ಣ, ಮತ್ತೆ ನಿಂತುಹೋಯ್ತು. ಹೆಸರು ಹೊಡೆದು ಎಷ್ಟು ಹೊತ್ತು ಕೂತರೂ ಚೀಟಿ ಬರಲ್ಲ. ಹೊರಗಿರೋರು ನಮಗೆ ಬಯ್ತಿದಾರೆ, ಮೇಲಿರೋ ಸಾಹೇಬ್ರು ನಮ್ಮ ಹುಡುಗೀರೇ ಸೋಮಾರಿಗಳು ಅಂತಿದಾರೆ. ಇವತ್ತು ಹನ್ನೆರಡು ಗಂಟೆಗೆ ನನ್ನ ವರ್ಗಾವಣೆ ಕಾಗದಕ್ಕೆ ಸಹಿ ಬೀಳುತ್ತಂತೆ. ಮದುರಾ ದ್ವೀಪದ ಶಾಖೆಗೆ! ವಾರಕ್ಕೆರಡು ಸಲ ಅಮ್ಮನ್ನ ಡಯಾಲಿಸಿಸ್‌ಗೆ ಯಾರು ಕರ್ಕೊಂಡು ಬರ್ತಾರೆ?”

“ಇನ್ನೊಂದು ಗಳಿಗೆ ತಾಳಿ ಮೇಡಂ.”

“ಮೂರು ತಿಂಗಳಿಂದ ಅದೇ ಗಳಿಗೆ ನಡೀತಿದೆ.”

ಗುನಾರ್ತೊ ಪರದೆಯ ಕಡೆಗೆ ತಿರುಗಿದ. ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿ ಬೈಗುಳ ತಿನ್ನುವುದು ಅರ್ಧ ಪಾಲು. ಎಲ್ಲರೂ ಪ್ರೊಸೆಸರಿಗೆ ಶಾಪ ಹಾಕುತ್ತಿದ್ದರು, ಆದರೆ ಪರದೆಯ ಅಂಕಿಗಳ ಪ್ರಕಾರ ಅದು ಕೈಕಟ್ಟಿ ಕೂತಿತ್ತು; ಡಿಸ್ಕು ಮಾತ್ರ ನೂರಕ್ಕೆ ನೂರು ದುಡಿಯುತ್ತಿತ್ತು. ಅಡುಗೆಯವನು ಖಾಲಿ ಕೂತಿದ್ದಾನೆ, ಉಗ್ರಾಣದವನು ಏದುಸಿರು ಬಿಡುತ್ತಿದ್ದಾನೆ ಎಂಬಂತೆ. ಎರಡು ತಿಂಗಳ ಹಿಂದೆ ಡಿಸ್ಕಿನದೇ ತಪ್ಪೆಂದು ಹೊಸದು ತರಿಸಿದ್ದರು. ಶುಭಕಾರ್ಯಕ್ಕೆ ಅಲ್ಲಿ ಮಾಡುವ ಹಾಗೆ ಹಳದಿ ಅನ್ನದ ಗೋಪುರ ಮಾಡಿಸಿ, ಪ್ರಾರ್ಥನೆ ಸಲ್ಲಿಸಿ, ನಿರ್ದೇಶಕರ ಕೈಯಿಂದಲೇ ಅದರ ತುದಿ ಕೊಯ್ಯಿಸಿದ್ದೂ ಆಗಿತ್ತು. ಏದುಸಿರು ನಿಂತಿರಲಿಲ್ಲ.

ಡಿಸ್ಕಿಗೆ ಇಷ್ಟು ಕೆಲಸ ಹಚ್ಚುತ್ತಿರುವವರು ಯಾರು ಎಂದು ಅವನು ಇವತ್ತೇ ಮೊದಲು ನೋಡಿದ್ದು. ಕೌಂಟರಿನವರಲ್ಲ. ‘ಈಗ ಎಷ್ಟು ಜನ ಕಾಯುತ್ತಿದ್ದಾರೆ?’ ಎಂಬ ಒಂದೇ ಪ್ರಶ್ನೆ ಸೆಕೆಂಡಿಗೊಮ್ಮೆ ಬರುತ್ತಿತ್ತು. ಪ್ರತಿ ಸಲವೂ ಡಿಸ್ಕು ಹನ್ನೊಂದು ವರ್ಷಗಳ ರೋಗಿಗಳ ದಾಖಲೆಯನ್ನು ಬುಡದಿಂದ ಜಾಲಾಡಬೇಕಿತ್ತು. ಅಂಥ ಒಂದಲ್ಲ, ಏಳು ಪ್ರಶ್ನೆ ಒಟ್ಟಿಗೆ. ಏಳೂ ಮೊದಲ ಮಹಡಿಯ ಒಂದೇ ಕಂಪ್ಯೂಟರಿನಿಂದ.

ಅದು ಯಾರ ಕಂಪ್ಯೂಟರೆಂದು ಗುನಾರ್ತೊಗೆ ಗೊತ್ತಿತ್ತು. ಹೊಸ ವರ್ಷದಲ್ಲಿ ನಿರ್ದೇಶಕ ಹರ್ಜಿತೊ, “ಸಾಲು ಎಷ್ಟಿದೆ ಅಂತ ನಾನು ಕೂತಲ್ಲೇ ಸೆಕೆಂಡಿಗೊಮ್ಮೆ ಕಾಣೋ ಹಾಗೆ ಮಾಡೋಕಾಗುತ್ತಾ?” ಎಂದು ಕೇಳಿದ್ದರು. ನಿರ್ದೇಶಕರ ‘ಆಗುತ್ತಾ’ಗೆ ಆ ಆಸ್ಪತ್ರೆಯಲ್ಲಿ ಒಂದೇ ಉತ್ತರ. “ಆಗುತ್ತೆ ಸಾರ್” ಎಂದು ಇವನೇ ಮಾಡಿಕೊಟ್ಟಿದ್ದ. ಆ ಪ್ರಶ್ನೆ ಕೇಳುವ ವಿಂಡೋ ಒಂದೇ ಆಗಿದ್ದರೆ ಡಿಸ್ಕು ಹೇಗೋ ಕುಂಟಿಕೊಂಡು ಹೋಗುತ್ತಿತ್ತು. ಸಾಲು ಬೆಳೆದಾಗೆಲ್ಲ ಸಾಹೇಬರು ಗಾಬರಿಯಾಗಿ ಇನ್ನೊಂದು ತೆರೆಯುತ್ತಿದ್ದರು.

“ಯಾರ ತಪ್ಪಣ್ಣ?”

“ನಂದು. ಆಮೇಲೆ ಮೇಲಿನವರದು.”

ರೆತ್ನಾನಿಂಗ್ಸಿಹ್ ಸೂರಿನ ಕಡೆ ನೋಡಿದಳು. “ಬೆಕ್ಕಿಗೆ ಗಂಟೆ ಕಟ್ಟೋಕೆ ಹೋಗ್ತೀರಾ?”

ಇಲ್ಲಿಂದಲೇ ಆ ಪ್ರಶ್ನೆಗಳನ್ನು ಕತ್ತರಿಸಿ ಹಾಕಬಹುದಿತ್ತು. ಆದರೆ ಸಾಹೇಬರ ಪರದೆ ಕಪ್ಪಾದರೆ ಅದೂ ಕೌಂಟರಿನವರ ತಲೆಗೇ ಬರುತ್ತಿತ್ತು. ಗುನಾರ್ತೊ ಅಂಗಿಯ ಗುಂಡಿ ಸರಿಮಾಡಿಕೊಂಡು ಮೆಟ್ಟಿಲು ಹತ್ತಿದ.

ಹರ್ಜಿತೊ ಅವರ ಮೇಜಿನ ಮೇಲೆ ಸಿಹಿ ಚಹಾದ ಗ್ಲಾಸು, ಅದರ ಪಕ್ಕ ವರ್ಗಾವಣೆ ಕಾಗದ, ಕಾಗದದ ಮೇಲೆ ಮುಚ್ಚಳ ತೆಗೆದ ಪೆನ್ನು.

“ನೋಡಯ್ಯ, ನೂರಾ ಹದಿನೇಳು! ಬೆಳಿಗ್ಗೆಯಿಂದ ಕಣ್ಣು ಮಿಟುಕಿಸದೆ ಕಾವಲು ಕೂತಿದೀನಿ. ನಾನು ನೋಡ್ತಿದೀನಿ ಅನ್ನೋ ಭಯಾನೂ ಇಲ್ಲ ಆ ಕೌಂಟರಿನೋರಿಗೆ.”

ಹೇಳಬೇಕೆಂದುಕೊಂಡಿದ್ದ ಮಾತನ್ನು ಗುನಾರ್ತೊ ಬದಲಿಸಿಕೊಂಡ. “ಕ್ಷಮಿಸಿ ಸಾರ್. ಡಿಸ್ಕಿಗೊಂದು ಸಣ್ಣ ಪರೀಕ್ಷೆ ಮಾಡ್ಬೇಕಿತ್ತು. ತಮ್ಮ ಕಂಪ್ಯೂಟರಲ್ಲಿ ತೆರೆದಿರೋ ವಿಂಡೋಗಳನ್ನೆಲ್ಲ ಐದು ನಿಮಿಷ ಮುಚ್ಚಿದ್ರೆ ಉಪಕಾರ ಆಗ್ತಿತ್ತು.”

ನಿರ್ದೇಶಕರು ಗೊಣಗಿಕೊಂಡೇ ಏಳನ್ನೂ ಮುಚ್ಚಿದರು. ಅರ್ಧ ನಿಮಿಷ ಕಳೆಯಿತು. ಕೆಳಗಿನಿಂದ ಧ್ವನಿವರ್ಧಕ ಕೇಳಿಸಿತು: ಅರವತ್ತೆರಡು. ಹಿಂದೆಯೇ ಅರವತ್ತಮೂರು, ಅರವತ್ತನಾಲ್ಕು. ಎಪ್ಪತ್ತು ದಾಟುವಷ್ಟರಲ್ಲಿ ಹರ್ಜಿತೊ ಅವರ ಮುಖ ಅರಳಿತು.

“ಕಾಗದದ ಸುದ್ದಿ ಕಿವಿಗೆ ಬಿತ್ತು ನೋಡು, ಹೇಗೆ ಚುರುಕಾದ್ರು! ಎಷ್ಟಕ್ಕೆ ಇಳೀತು, ನೋಡೋಣ.”

ಅವರು ಒಂದು ವಿಂಡೋ ತೆರೆದರು. ಸಂಖ್ಯೆ ಬರುವುದು ತಡವಾಯಿತು, ಇನ್ನೊಂದು ತೆರೆದರು. ಮತ್ತೆ ಮೂರು. ಎಪ್ಪತ್ತನಾಲ್ಕಕ್ಕೆ ಧ್ವನಿವರ್ಧಕ ನಿಂತಿತು.

ಗುನಾರ್ತೊ ತನ್ನ ಬೂಟಿನ ತುದಿ ನೋಡುತ್ತ ನಿಂತಿದ್ದ. ಹರ್ಜಿತೊ ಪರದೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. ಒಂದೊಂದಾಗಿ ಐದನ್ನೂ ಮುಚ್ಚಿ, ಕಿವಿಗೊಟ್ಟು ಕೂತರು. ಎಪ್ಪತ್ತೈದು. ಎಪ್ಪತ್ತಾರು. ಅವರು ತಮ್ಮ ತೋರುಬೆರಳನ್ನು ಮೌಸಿನಿಂದ ಮೆಲ್ಲಗೆ ಎತ್ತಿಕೊಂಡರು.

ಗಡಿಯಾರದಲ್ಲಿ ಹನ್ನೆರಡಾಗಲು ಆರು ನಿಮಿಷವಿತ್ತು. ಅವರು ಪೆನ್ನಿಗೆ ಮುಚ್ಚಳ ಹಾಕಿದರು. ವರ್ಗಾವಣೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚಹಾದ ಗ್ಲಾಸಿನ ಅಡಿಗಿಟ್ಟರು. ಗ್ಲಾಸಿನಡಿಯ ಒದ್ದೆ ಅದಕ್ಕೆ ಹತ್ತಿಕೊಂಡಿತು.

“ಕಾರಣ ಏನು ಅಂತ ಒಂದು ವರದಿ ಬೇಕಲ್ಲ,” ಎಂದರು, ಕಿಟಕಿಯ ಕಡೆ ನೋಡುತ್ತ. “ಡಿಸ್ಕ್ ಹಳೇದಾಗಿತ್ತು ಅಂತ ಬರಿ.”

“ಆಗುತ್ತೆ ಸಾರ್.”

ಗುನಾರ್ತೊ ಅಲ್ಲೇ ನಿಂತು, ದುಂಡು ಅಕ್ಷರದಲ್ಲಿ ಹಾಗೆಯೇ ಬರೆದ. ಅವನ ತಲೆಯ ಮೇಲೆ, ಗೋಡೆಯ ಫೋಟೋ ಚೌಕಟ್ಟಿನೊಳಗೆ, ನಿರ್ದೇಶಕರು ಹೊಸ ಡಿಸ್ಕಿನ ಮುಂದೆ ಹಳದಿ ಅನ್ನದ ತುದಿ ಕೊಯ್ಯುತ್ತ ನಗುತ್ತಿದ್ದರು.