ಒಂದು ತೊಟ್ಟು ಮಿಷನ್ ಎಣ್ಣೆ

ನಾಲ್ಕನೇ ಸಲವೂ ಕಂಪ್ಯೂಟರ್ ಪರದೆಯ ಹಸಿರು ಪಟ್ಟಿ ನೂರಕ್ಕೆ ಅರವತ್ತೆರಡರಲ್ಲಿ ನಿಂತುಬಿಟ್ಟಿತು. ‘ಡಿಸ್ಕ್ ಓದಲಾಗುತ್ತಿಲ್ಲ’ ಎಂಬ ಸಾಲು ಮೂಡಿದ್ದೇ ತಡ, ಟೈಲರ್ ಡಿಸ್ಕನ್ನು ಮತ್ತೆ ಹೊರತೆಗೆದ. ಒರೆಸಿದ್ದಾಯಿತು, ಊದಿದ್ದಾಯಿತು, ಕೈ ಮುಗಿದದ್ದೂ ಆಯಿತು. ಕೊನೆಗೆ ಕಂಪ್ಯೂಟರ್ ಪೆಟ್ಟಿಗೆಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡವನಂತೆ ಎರಡು ಅಂಗಡಿ ಆಚೆಗಿದ್ದ ರಿಪೇರಿ ಅಕ್ಕನ ಬಳಿಗೆ ಓಡಿದ.

ಅದು ಬಸ್ಸು ಓಡಿಸುವ ಆಟದ ಡಿಸ್ಕು. ಅವನ ಹೆಂಡತಿ ಹದಿನಾರು ವರ್ಷ ನಿಜವಾದ ಬಸ್ಸನ್ನೇ ಓಡಿಸಿದವಳು. ಮೂರು ತಿಂಗಳ ಹಿಂದೆ ಬಸ್ಸು ಹೊರಟ ಗಳಿಗೆಯಲ್ಲೇ ಅಜ್ಜಿಯೊಬ್ಬಳು ಮೆಟ್ಟಿಲಿನಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ತಪ್ಪು ಇವಳದಲ್ಲ ಎಂದು ವಿಚಾರಣೆ ಮಾಡಿದವರು ಬರೆದುಕೊಟ್ಟರು. ಯಾರು ಬರೆದುಕೊಟ್ಟರೇನು, ಇವಳ ಕೈ ಮಾತ್ರ ಸ್ಟೇರಿಂಗ್ ಮುಟ್ಟಲೊಲ್ಲದು. ಸೋಮವಾರ ಡಿಪೋದಲ್ಲಿ ಪರೀಕ್ಷೆ. ಅವತ್ತು ಓಡಿಸದಿದ್ದರೆ ಇನ್ನೆಂದೂ ಬಸ್ಸಿಲ್ಲ. ಆಟದಲ್ಲಾದರೂ ಒಮ್ಮೆ ಕೂತು ನೋಡು ಎಂದು ಟೈಲರ್ ವಾರವಿಡೀ ಅಂಗಲಾಚಿ ಅಂತೂ ಇಂತೂ ಒಪ್ಪಿಸಿದ್ದ. ಒಪ್ಪಿದ ದಿನವೇ ಈ ಹಾಳು ಯಂತ್ರ ಕೈಕೊಡಬೇಕೆ!

“ಡಿಸ್ಕನ್ನ ಹೇಗೆ ಒರೆಸಿದ್ರಿ ಟೈಲರಣ್ಣ?”

“ಹೀಗೇ ಅಕ್ಕಾ, ಗುಂಡಗೆ. ಕಾಲರ್ ಕೊಳೆ ಉಜ್ಜೋ ಹಾಗೆ.”

“ಅಯ್ಯಯ್ಯೋ! ನಡುವಿನಿಂದ ಅಂಚಿಗೆ ನೇರವಾಗಿ ಒರೆಸ್ಬೇಕು.” ಒರೆಸಿ ತನ್ನ ಕಂಪ್ಯೂಟರಿಗೆ ಹಾಕಿದಳು. ಡಿಸ್ಕು ಒಂದು ಚೂರೂ ತೊದಲದೆ ಕೊನೆಯವರೆಗೆ ಓದಿಸಿಕೊಂಡಿತು. “ಡಿಸ್ಕು ಗಟ್ಟಿಮುಟ್ಟಾಗಿದೆ. ಕಾಯಿಲೆ ಇರೋದು ನಿಮ್ಮ ಪೆಟ್ಟಿಗೇಲಿ.”

ಡಿಸ್ಕ್ ಡ್ರೈವಿನ ತಟ್ಟೆ ಎಳೆದು, ಟಾರ್ಚ್ ಬಿಟ್ಟು ನೋಡಿದಳು. ಮೂಗು ಅರಳಿಸಿದಳು. “ಇದೇನ್ರೀ ವಾಸನೆ?”

ಟೈಲರ್ ತಲೆ ಕೆರೆದುಕೊಂಡ. “ಮೊದಲು ಕರಕರ ಅಂತಿತ್ತು ಅಕ್ಕಾ. ಅದಕ್ಕೇ ಒಂದೇ ಒಂದು ತೊಟ್ಟು ಮಿಷನ್ ಎಣ್ಣೆ...”

ರಿಪೇರಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಓದೋ ಕಣ್ಣಿಗೇ ಎಣ್ಣೆ ಬಿಟ್ಟಿದ್ದೀರಲ್ಲ ಪುಣ್ಯಾತ್ಮ! ಪಾಪದ ಡಿಸ್ಕನ್ನ ತಿಕ್ಕಿ ಏನು ಬಂತು?”

ಟೈಲರನಿಗೆ ನಗು ಬರಲಿಲ್ಲ. “ಅವಳು ಇವತ್ತು ಒಪ್ಪಿದ್ದಾಳೆ ಅಕ್ಕಾ. ನಾಳೆ ಒಪ್ತಾಳೋ ಇಲ್ವೋ” ಎಂದ. ಅಕ್ಕನ ನಗು ಅಲ್ಲಿಗೇ ನಿಂತಿತು. ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಆ ಪುಟ್ಟ ಗಾಜುಕಣ್ಣನ್ನು ಎರಡೆರಡು ಸಲ ಮೆಲ್ಲಗೆ ಒರೆಸಿದಳು. ಡಿಸ್ಕು ಹಾಕಿದರು. ಅರವತ್ತು. ಅರವತ್ತೊಂದು. ಅರವತ್ತೆರಡು ಬಂದಾಗ ಇಬ್ಬರೂ ಉಸಿರು ಬಿಗಿಹಿಡಿದರು. ಅರವತ್ತಮೂರು! ಟೈಲರ್ ಮೇಜನ್ನೇ ಗುದ್ದಿಬಿಟ್ಟ. “ಮೆಲ್ಲಗೆ ಕಣಣ್ಣ” ಎಂದು ಅಕ್ಕ ಗದರಿದಳು.

ಮನೆಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ತುದಿಗೆ ಆಟದ ಸ್ಟೇರಿಂಗ್ ಬಿಗಿದು, ಹೆಂಡತಿಯನ್ನು ಕೂರಿಸಿದ. ಅವಳು ಒಂದೊಂದೇ ಬೆರಳನ್ನು ಚಕ್ರದ ಮೇಲಿಟ್ಟಳು. ಇಂಜಿನ್ ಗುರುಗುಟ್ಟಿತು. ಪರದೆಯ ನಿಲ್ದಾಣದಲ್ಲಿ ಬೊಂಬೆಯಂಥ ಜನ ಒಬ್ಬೊಬ್ಬರಾಗಿ ಹತ್ತಿದರು, ಬಾಗಿಲು ಮುಚ್ಚಿತು. ಬಸ್ಸು ಹೊರಡಲಿಲ್ಲ. ಅವಳ ಹಣೆಯಲ್ಲಿ ಬೆವರು.

“ಏನಾಯ್ತೇ?”

“ಕನ್ನಡೀಲಿ ಸರಿಯಾಗಿ ಕಾಣಿಸ್ತಿಲ್ಲ ರೀ. ಮೆಟ್ಟಿಲ ಹತ್ರ ಯಾರಾದ್ರೂ ಇದಾರೇನೋ.”

ಇದು ಬರೀ ಆಟ ಕಣೇ ಎನ್ನಲು ಬಾಯಿ ತೆರೆದವನು ಅವಳ ಮುಖ ನೋಡಿ ಎದ್ದ. ಹೋಗಿ ಮನೆಯ ಬಾಗಿಲು ತೆರೆದ. ಹೊಸ್ತಿಲಲ್ಲಿ ನಿಂತು ಬೀದಿಯ ಆ ತುದಿ, ಈ ತುದಿ, ಕೊನೆಗೆ ಮೆಟ್ಟಿಲ ಕೆಳಗೂ ಬಗ್ಗಿ ನೋಡಿದ. ಬಾಗಿಲು ಭದ್ರವಾಗಿ ಎಳೆದುಕೊಂಡು, ಅದರ ಮೇಲೆ ಎರಡು ಸಲ ಬಡಿದು ಕೂಗಿದ:

“ಯಾರೂ ಇಲ್ಲ. ರೈಟ್, ರೈಟ್!”